ಮೂಲವೇ ಬೇಕೆಂದ ಸರ್ವರೇಶ್ವರರು

ಹೆಂಡತಿ ತನ್ನ ಮಾತು ಕೇಳಿಸಿಕೊಳ್ಳುವುದಿಲ್ಲ ಎಂಬುದು ಸರ್ವರೇಶ್ವರರ ಬಹುದಿನದ ದೂರು. ಆಕೆಗೆ ಕಿವಿ ಮಂದವೆಂದು ಯಾರೂ ತಿಳಿಯಬಾರದು. ಹೊಲಿಗೆಯಂತ್ರ ಗಡಗಡ ಓಡುತ್ತಿರುವಾಗಲೂ, ಪಕ್ಕದ ಕೋಣೆಯಲ್ಲಿ ಗಂಡ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದದ್ದು ಆಕೆಗೆ ಕೇಳಿಸುತ್ತಿತ್ತು. ಕೇಳಿಸದೆ ಇದ್ದದ್ದು ಒಂದೇ, ಗಂಡ ತನ್ನ ಕೆಲಸದ ಬಗ್ಗೆ ಆಡುವ ಮಾತು. ಅವರು ಬಾಯಿ ತೆರೆದ ಕೂಡಲೇ ಆಕೆ ನಾಲ್ಕಾರು ಗುಂಡುಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಂಡು "ಹೂಂ" ಎನ್ನುತ್ತಿದ್ದಳು. ಪಿನ್ನು ಕಚ್ಚಿದ ಬಾಯಿಂದ ಬಂದ "ಹೂಂ"ಗೆ ಅರ್ಥ ಹುಡುಕುವಷ್ಟು ದಡ್ಡರು ಅವರಲ್ಲ.

ಸರ್ವರೇಶ್ವರ ಎಂಬುದು ಹುಟ್ಟುಹೆಸರಲ್ಲ. ಕಚೇರಿಯವರು ಪ್ರೀತಿಯಿಂದಲೋ ಹೊಟ್ಟೆಯುರಿಯಿಂದಲೋ ಇಟ್ಟದ್ದು. ಒಂದು ವಿಮಾ ಕಚೇರಿಯ ಹಿಂಬದಿಯ ತಣ್ಣನೆಯ ಕೋಣೆಯಲ್ಲಿ, ಸದಾ ಗುಂಯ್ ಎನ್ನುವ ಸರ್ವರುಗಳನ್ನು ನೋಡಿಕೊಳ್ಳುವುದು ಅವರ ಉದ್ಯೋಗ. ಸರ್ವರೆಂದರೆ ಮೂಲೆಯಲ್ಲಿ ಕೂತು, ಯಾರು ಏನು ಕೇಳಿದರೂ ಬೇಸರವಿಲ್ಲದೆ ಕಳಿಸಿಕೊಡುವ ಕಂಪ್ಯೂಟರು. (ಮನೆಯಲ್ಲಿ ಆ ಕೆಲಸ ಅತ್ತೆಯವರದು, ಅಂದರೆ ಹೆಂಡತಿಯ ತಾಯಿಯದು. ಆದರೆ ಅವರಿಗೆ ಯಾರೂ ತಣ್ಣನೆಯ ಕೋಣೆ ಮಾಡಿಸಿಕೊಟ್ಟಿರಲಿಲ್ಲ.)

ಸರ್ವರೇಶ್ವರರಿಗೆ ಎರಡು ಹಟ. ಮೊದಲನೆಯದು, ಯಾವ ತಂತ್ರಾಂಶವಾದರೂ ಸರಿ, ಸಿದ್ಧಪಡಿಸಿ ಸುತ್ತಿಟ್ಟ ಪ್ಯಾಕೇಜನ್ನು ತಂದು ಹಾಕಿಕೊಳ್ಳಬಾರದು. ಬರೆದವರು ಬರೆದ ಸಾಲುಗಳನ್ನೇ, ಅಂದರೆ ಸೋರ್ಸನ್ನೇ ತಂದು, ಬೇಕಾದ್ದನ್ನು ಇಟ್ಟು ಬೇಡದ್ದನ್ನು ಬಿಟ್ಟು, ತನ್ನ ಯಂತ್ರದ ಅಳತೆಗೆ ತಾನೇ ಕಂಪೈಲ್ ಮಾಡಿ ಕಟ್ಟಿಕೊಳ್ಳಬೇಕು. ಎರಡನೆಯದು, ಈ ವಿಷಯವನ್ನೆಲ್ಲ ಅಚ್ಚಗನ್ನಡದಲ್ಲೇ ಆಡಬೇಕು. ಹಾಗಾಗಿ ಅವರ ಬಾಯಲ್ಲಿ ಪ್ಯಾಕೇಜು ಪೊಟ್ಟಣವಾಗಿತ್ತು, ಸೋರ್ಸು ಮೂಲವಾಗಿತ್ತು. ಎರಡು ಹಟಗಳಲ್ಲಿ ಯಾವುದಾದರೂ ಒಂದಿದ್ದಿದ್ದರೆ ಸಂಸಾರ ಹೇಗೋ ಸಾಗಿಬಿಡುತ್ತಿತ್ತು. ಎರಡೂ ಒಂದೇ ಮೈಯಲ್ಲಿ ಸೇರಿಕೊಂಡದ್ದರಿಂದ ಈ ಕಥೆ.

ಹೆಂಡತಿ ದರ್ಜಿ. ಮುಂಬಾಗಿಲ ಕೋಣೆಯೇ ಆಕೆಯ ಅಂಗಡಿ. ಹೊಲಿಸಲು ಬಂದವರೆಲ್ಲ "ನಮಗೂ ಕಲಿಸಿಕೊಡಿ" ಎಂದು ದುಂಬಾಲು ಬಿದ್ದದ್ದರಿಂದ, ಅಳತೆ ತೆಗೆಯುವುದರಿಂದ ಹಿಡಿದು ಕಾಲರು ಕೂರಿಸುವವರೆಗೆ ಪಾಠಗಳನ್ನು ಮಾಡಿ ಫೋನಿನಲ್ಲಿ ವಿಡಿಯೋ ತೆಗೆದಿಟ್ಟಿದ್ದಳು. ಮೊದಲ ತಂಡ ಸೋಮವಾರ ಶುರು. ಎಷ್ಟೋ ವರ್ಷಗಳಿಂದ ಬೇರೆಯವರ ಮೈಗೆ ಬಟ್ಟೆ ಹೊಂದಿಸಿದ ಹೆಂಗಸು, ಮೊದಲ ಸಲ ತನ್ನದೇ ಅಂತ ಒಂದನ್ನು ಮಾಡಿಕೊಂಡಿದ್ದಳು. ಆ ಪಾಠಗಳು ಕಲಿಯುವವರ ಮನೆಮನೆಗೂ ಮುಟ್ಟಬೇಕಾದರೆ ಒಂದು ಸರ್ವರು ಬೇಕಿತ್ತು.

"ನಿಮ್ಮ ಕೈಲಿ ಆಗುತ್ತಾ, ಇಲ್ಲ ಹೊರಗಿನವರಿಗೆ ಹೇಳ್ಲಾ?" ಎಂದು ಆಕೆ ಕೇಳಿದ್ದು ಸರ್ವರೇಶ್ವರರ ಸ್ವಾಭಿಮಾನಕ್ಕೆ ತಾಗಿತು. ಶುಕ್ರವಾರ ರಜೆ ಹಾಕಿ, ಹೊಲಿಗೆ ಮೇಜಿನ ಪಕ್ಕದ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರಿನ ಧೂಳು ಒರೆಸಿ ಕೂತೇಬಿಟ್ಟರು.

"ಸಿದ್ಧವಾಗಿ ಇರೋದು ಯಾವುದೂ ಸಿಗಲ್ವಾ?" ಬಟ್ಟೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಹೆಂಡತಿ ಕೇಳಿದಳು.

"ಸಿಗುತ್ತೆ. ಆದರೆ ನಾನೇ ಕೈಯಾರೆ ಕಟ್ಟಿಕೊಡ್ತೀನಿ. ನೀನೇ ದರ್ಜಿ, ನಿನಗೆ ಬಿಡಿಸಿ ಹೇಳ್ಬೇಕಾ? ರೆಡಿಮೇಡ್ ಬಟ್ಟೆ ಯಾವತ್ತಾದ್ರೂ ಮೈಗೆ ಸರಿಯಾಗಿ ಕೂರುತ್ತಾ?"

"ನಾನು ಹಾಕ್ಕೊಂಡಿರೋದೇ ರೆಡಿಮೇಡು. ನನಗೆ ಹೊಲ್ಕೊಳ್ಳೋಕೆ ಪುರುಸೊತ್ತೆಲ್ಲಿದೆ?"

ಸರ್ವರೇಶ್ವರರು ಪರದೆಯ ಕಡೆ ತಿರುಗಿಕೊಂಡರು. ಹೆಂಡತಿ ಬಿಡಲಿಲ್ಲ.

"ಅಲ್ಲ ರೀ, ನಾನು ಹೊಲೀತೀನಿ ನಿಜ. ಹಾಗಂತ ಹತ್ತಿ ಬೆಳೀತೀನಾ? ನೂಲು ತೆಗೀತೀನಾ? ಈಗ ನೀವು ಕಟ್ತೀನಿ ಅಂತೀರಲ್ಲ, ಕಟ್ಟೋಕೆ ಏನೋ ಒಂದು ಸಲಕರಣೆ ಬೇಕಲ್ಲ, ಅದನ್ನೂ ನೀವೇ ಕಟ್ಟಿದ್ರಾ?"

"ಅದಕ್ಕೆ ಕಂಪೈಲರ್ ಅಂತಾರೆ. ಅದು..." ಸರ್ವರೇಶ್ವರರ ದನಿ ಇಳಿಯಿತು. "ಅದು ಸಿದ್ಧವಾಗೇ ಬಂದಿದ್ದು."

"ಹಾಗಾದ್ರೆ ಎಲ್ಲೋ ಒಂದು ಕಡೆ ಬೇರೆಯವರನ್ನ ನಂಬಲೇಬೇಕಾಯ್ತಲ್ಲ," ಎಂದು ಆಕೆ ಕತ್ತರಿ ಕೈಗೆತ್ತಿಕೊಂಡಳು. ಸರ್ವರೇಶ್ವರರು ಮೂಲದ ಮಹಿಮೆಯನ್ನು ಎತ್ತಲೇ ಇಲ್ಲ. ಕೇಳಿಸಿಕೊಳ್ಳದವರ ಮುಂದೆ ಒಳ್ಳೆಯ ಪದಗಳನ್ನು ಯಾಕೆ ಸುರಿಯಬೇಕು?

ಕಟ್ಟುವ ಕೆಲಸ ಆರಂಭವಾಯಿತು. ಮೊದಲನೆಯ ತಂತ್ರಾಂಶ "ನನಗೆ ಇಂಥದೊಂದು ಬೇಕು" ಎಂದಿತು. ಅದನ್ನು ತಂದರೆ, ಅದು ಇನ್ನೆರಡನ್ನು ಕೇಳಿತು. ಆ ಎರಡರಲ್ಲಿ ಒಂದು, ತನಗೆ ಬೇಕಾದದ್ದರ ಹೊಸ ಆವೃತ್ತಿ ಆಗದು, ಹಳೆಯದೇ ಆಗಬೇಕು ಎಂದು ರಚ್ಚೆ ಹಿಡಿಯಿತು. ಒಬ್ಬನನ್ನು ಊಟಕ್ಕೆ ಕರೆದರೆ ಅವನು ಭಾವಮೈದನನ್ನೂ, ಭಾವಮೈದನು ತನ್ನ ಷಡ್ಡಕನನ್ನೂ ಕರೆತಂದಂತಾಯಿತು. ಪೊಟ್ಟಣವಾಗಿದ್ದರೆ ಈ ನೆಂಟರಿಷ್ಟರೆಲ್ಲ ಮೊದಲೇ ರಾಜಿಯಾಗಿ, ಒಟ್ಟಿಗೇ ಬಂದು ತಂತಮ್ಮ ಜಾಗದಲ್ಲಿ ಕೂತಿರುತ್ತಿದ್ದರು. ಅದು ಸರ್ವರೇಶ್ವರರಿಗೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ಒಪ್ಪುವುದು ಬೇರೆ.

ಸಂಜೆಯಾಗುತ್ತಿದ್ದಂತೆ ಕಚೇರಿಯ ಸಹೋದ್ಯೋಗಿ ಫೋನು ಮಾಡಿದ. ಅವನು ಪೊಟ್ಟಣದ ಪಕ್ಷದವನು. ಆ ಕಾರಣಕ್ಕೇ ಇಬ್ಬರಿಗೂ ದಿನಾ ಜಟಾಪಟಿ. ಅದೇ ಹೊತ್ತಿಗೆ ಬಾಗಿಲಾಚೆ ಅತ್ತೆ, ಮಗಳು ಹೊಲಿದಿಟ್ಟ ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕೂತಿದ್ದರು. ಅಳಿಯನ ಮಾತು ಮಾತ್ರ ಅವರ ಕಿವಿಗೆ ಬೀಳುತ್ತಿತ್ತು.

"ಬೆಳಗ್ಗೆಯಿಂದ ಕೂತಿದ್ದೀನಪ್ಪ, ಇನ್ನೂ ಹೊರಗೆ ಬಂದಿಲ್ಲ... ಅರ್ಧಕ್ಕೆ ನಿಂತುಬಿಡುತ್ತೆ... ಹೂಂ, ಮೂಲ. ನನ್ನದು ಯಾವಾಗಲೂ ಮೂಲವೇ ಅಲ್ವಾ? ...ಬಿಸಿ ಅಂದ್ರೆ ಸಿಕ್ಕಾಪಟ್ಟೆ ಬಿಸಿ. ಕೈಯಿಡೋಕಾಗಲ್ಲ... ಪೊಟ್ಟಣ ತಗೊಂಡ್ರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತೆ, ನನಗೂ ಗೊತ್ತು. ಆದರೆ ಆ ಪೊಟ್ಟಣದಲ್ಲಿ ಏನೇನು ಬೆರೆಸಿರ್ತಾರೋ ಕಂಡವರ್ಯಾರು? ...ಸತ್ರೂ ಪೊಟ್ಟಣ ಮುಟ್ಟಲ್ಲ. ಎಷ್ಟು ದಿನ ಆದ್ರೂ ಹೀಗೇ ಕೂತು ಸರಿಮಾಡ್ಕೋತೀನಿ... ಇಲ್ಲ, ಮನೆಯಲ್ಲಿ ಹೇಳಿಲ್ಲ. ಅವಳಿಗೆ ಅರ್ಥ ಆಗಲ್ಲ."

ಅತ್ತೆಯ ಸೂಜಿ ಅರ್ಧ ಗುಂಡಿಯಲ್ಲೇ ನಿಂತಿತು. ಅವರ ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುತ್ತಿದ್ದವರು. ಜೀವಮಾನವೆಲ್ಲ ಆ ಬಿಸಿ ಸೀಟಿನ ಮೇಲೆ ಕೂತು ಕೂತು ಮೂಲವ್ಯಾಧಿ ಹತ್ತಿಸಿಕೊಂಡವರು. ನಾಚಿಕೆಗೆ ಹೊರಗಿನವರಿಗೆ ಹೇಳದೆ, ಮದ್ದೂ ಮುಟ್ಟದೆ, ರಕ್ತ ಹೋಗಿ ಹೋಗಿ ಒಂದು ದಿನ ಡಿಪೋದಲ್ಲೇ ಕುಸಿದು ಬಿದ್ದಿದ್ದರು. ಅಂಥ ಹೆಂಗಸಿಗೆ ಮೂಲವೆಂದರೆ ಜಗತ್ತಿನಲ್ಲಿ ಒಂದೇ ಅರ್ಥ, ಪೊಟ್ಟಣವೆಂದರೂ ಒಂದೇ ಅರ್ಥ.

ಅತ್ತೆ ಮಗಳನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು. "ನಿನ್ನ ಗಂಡನಿಗೆ ಮೂಲ ಕಣೇ. ಯಾರಿಗೋ ಫೋನಲ್ಲಿ ಹೇಳ್ತಿದ್ರು. ಮದ್ದಿನ ಪೊಟ್ಟಣ ಮುಟ್ಟಲ್ವಂತೆ."

ಮಗಳ ಮುಖ ಬಿಳಿಚಿತು. "ಈಗ್ಲೇ ಡಾಕ್ಟರ ಹತ್ರ..."

"ದಮ್ಮಯ್ಯ, ಆ ಮಾತೆತ್ತಬೇಡ. ಡಾಕ್ಟರು ಅಂದ್ರೆ ನಿಮ್ಮಪ್ಪ ಎದ್ದು ಹೊರಗೆ ಹೋಗ್ಬಿಡ್ತಿದ್ರು. ಮೊದಲು ಮೆಲ್ಲಗೆ ಮಾತಾಡಿಸು. ಬಾಯಿ ಬಿಡಲಿ."

ಶನಿವಾರ ಬೆಳಗ್ಗೆ ಸರ್ವರೇಶ್ವರರ ಕುರ್ಚಿಯ ಮೇಲೆ ಒಂದು ಮೆತ್ತನೆಯ ದಿಂಬು ಬಂದು ಕೂತಿತ್ತು. ತಟ್ಟೆಯಲ್ಲಿ ಬೇಯಿಸಿದ ಸೊಪ್ಪು, ಬಾಳೆಹಣ್ಣು, ಪಕ್ಕದಲ್ಲಿ ದೊಡ್ಡ ಚೊಂಬಿನ ತುಂಬ ನೀರು. ಅಡುಗೆಯಿಂದ ಖಾರ ದೇಶಾಂತರ ಹೋಗಿತ್ತು. "ಎಲ್ಲಿಗೆ ಬಂತು ನಿಮ್ಮ ಕೆಲಸ?" ಎಂಬ ಪ್ರಶ್ನೆಯ ಸುದ್ದಿಯೇ ಇಲ್ಲ. ದುಡಿಯುವ ಗಂಡಸಿಗೆ ಕೊನೆಗಾದರೂ ಮರ್ಯಾದೆ ಸಿಕ್ಕಿತೆಂದುಕೊಂಡು ಅವರು ದಿಂಬಿನ ಮೇಲೆ ಹಾಯಾಗಿ ಕೂತರು.

ಹನ್ನೊಂದರ ಸುಮಾರಿಗೆ ಹೆಂಡತಿ ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಬಾಯಲ್ಲಿ ಪಿನ್ನಿರಲಿಲ್ಲ.

"ಒಂದು ಮಾತು ಕೇಳ್ಲಾ? ಎಷ್ಟು ದಿನದಿಂದ ಇದೆ ಇದು?"

"ಯಾವುದು?"

"ಅದೇ..." ಆಕೆ ದನಿ ತಗ್ಗಿಸಿದಳು. "ಮೂಲ."

ಸರ್ವರೇಶ್ವರರಿಗೆ ತಾವು ಕೇಳಿದ್ದು ನಿಜವೇ ಎನಿಸಿತು. ಹೆಂಡತಿಯ ಬಾಯಿಂದ ಆ ಪದ! ಅದೂ ಅಚ್ಚಗನ್ನಡದಲ್ಲಿ! ಅವರು ಕೀಲಿಮಣೆಯಿಂದ ಕೈ ತೆಗೆದು ಪೂರ್ತಿ ಅವಳ ಕಡೆ ತಿರುಗಿದರು.

"ಕಾಲೇಜಿನಿಂದಲೂ ಇದೆ."

"ಅಯ್ಯೋ, ಮದುವೆಗೆ ಮುಂಚೆಯಿಂದ್ಲಾ?"

"ಹೂಂ. ಹಾಸ್ಟೆಲಲ್ಲಿ ಒಬ್ಬ ಸ್ನೇಹಿತನಿಂದ ಅಂಟಿದ್ದು."

"ಅದು ಅಂಟುತ್ತಾ?"

"ಅಂಟದೆ ಏನು? ಅರ್ಧ ಹಾಸ್ಟೆಲಿಗೆ ಅಂಟಿತ್ತು. ಉಳಿದವರಿಗೆಲ್ಲ ಕೆಲಸಕ್ಕೆ ಸೇರಿದ ಮೇಲೆ ಬಿಟ್ಟುಹೋಯ್ತು. ನನಗೆ ಮಾತ್ರ ಬಿಡಲಿಲ್ಲ."

"ತುಂಬಾ ನೋವಾಗುತ್ತಲ್ವಾ?"

"ಆಗುತ್ತೆ. ಗಂಟೆಗಟ್ಟಲೆ ಕೂತಿರ್ತೀನಿ, ಬರೋದೇ ಇಲ್ಲ. ಆದರೆ ಕೊನೆಗೆ ಬಂತು ನೋಡು, ಆ ಸುಖ ಪೊಟ್ಟಣ ತಗೊಂಡವರಿಗೆ ಈ ಜನ್ಮದಲ್ಲಿ ಸಿಗಲ್ಲ."

ಹೆಂಡತಿ ಕಣ್ಣು ಮುಚ್ಚಿಕೊಂಡಳು. "ಆಫೀಸಲ್ಲಿ ಗೊತ್ತಾ?"

"ಎಲ್ಲರಿಗೂ ಗೊತ್ತು. ಮುಚ್ಚಿಡೋದು ನನ್ನ ಸ್ವಭಾವ ಅಲ್ಲ. ನನ್ನದು ಮುಕ್ತ ಮೂಲ. ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು. ಸರಿಯಿಲ್ಲ ಅನ್ನಿಸಿದ್ರೆ ಅವರೇ ಕೈಹಾಕಿ ಸರಿಮಾಡಬಹುದು. ದೂರದ ದೇಶದವರೆಲ್ಲ ನೋಡಿ ಸಲಹೆ ಕೊಟ್ಟಿದ್ದಾರೆ, ಗೊತ್ತಾ?"

ಹೆಂಡತಿಯ ಕಣ್ಣಿಂದ ಎರಡು ಹನಿ ಉದುರಿದವು. ಆಕೆ ಅವರ ಕೈ ಹಿಡಿದು, "ನನಗೆ ಮಾತ್ರ ಯಾಕೆ ಹೇಳ್ಲಿಲ್ಲ?" ಎಂದಳು.

"ನೀನು ಕೇಳಲೇ ಇಲ್ವಲ್ಲ," ಎಂದರು ಸರ್ವರೇಶ್ವರರು.

ಹೊಗಳಿಕೆಗಿಂತ ದೊಡ್ಡ ಹಸಿವೊಂದು ಮನುಷ್ಯನಿಗಿದೆ. ದಿನವಿಡೀ ತಾನು ಯಾವುದರ ಜೊತೆ ಗುದ್ದಾಡುತ್ತೇನೆಂಬುದು ಮನೆಯ ಒಬ್ಬರಿಗಾದರೂ ತಿಳಿದಿರಲಿ ಎಂಬ ಹಸಿವು ಅದು. ಸರ್ವರೇಶ್ವರರು ಸಂಬಳ ತರುತ್ತಿದ್ದರು, ಬೈಗುಳ ತಿನ್ನುತ್ತಿದ್ದರು, ಹಾಲಿನ ಪಾತ್ರೆ ಉಕ್ಕದಂತೆ ಕಾಯುತ್ತಿದ್ದರು. ಆದರೆ ತಾವು ಏನು ಮಾಡುವವರೆಂದು ಹೇಳಿಕೊಳ್ಳಲು ಈ ಮನೆಯಲ್ಲಿ ಅವರಿಗೊಂದು ಕಿವಿ ಇರಲಿಲ್ಲ. ಈಗ ಆ ಕಿವಿ ಸಿಕ್ಕಿತ್ತು, ಜೊತೆಗೆ ಎರಡು ಹನಿ ಕಣ್ಣೀರು. ಅವರು ಸಂತೋಷಪಟ್ಟರು. ನೋಡುತ್ತಿರುವ ನಮಗೆ ನಗು ಬರುತ್ತದೆ ನಿಜ. ಆದರೆ ಆ ಸಂತೋಷ ಸುಳ್ಳಿನದಲ್ಲ.

ಭಾನುವಾರ ಮಧ್ಯಾಹ್ನ ಕಟ್ಟುವ ಕೆಲಸ ಕೊನೆಗೂ ಮುಗಿಯಿತು. ಸರ್ವರು ಎದ್ದು ನಿಂತಿತು. ಸರ್ವರೇಶ್ವರರು ಫೋನು ತೆಗೆದು ಹೆಂಡತಿಯ ಪಾಠಶಾಲೆಯ ವಿಳಾಸ ಒತ್ತಿದರು. ಪಾಠದ ಬದಲು ಪರದೆ ತುಂಬ ಕೆಂಪು ಎಚ್ಚರಿಕೆ ಬಂತು: ಈ ಜಾಗ ನಂಬಿಕೆಗೆ ಯೋಗ್ಯವಲ್ಲ, ಹಿಂದೆ ಹೋಗಿ. ಯಾವ ತಾಣವನ್ನು ತೆರೆದರೂ ವಿಳಾಸದ ಪಕ್ಕದಲ್ಲಿ ಕದ್ದು ನೋಡುವವರನ್ನು ತಡೆಯುವ ಸಣ್ಣದೊಂದು ಬೀಗ ಕಾಣಿಸುತ್ತದಲ್ಲ, ಆ ಬೀಗದ ವ್ಯವಸ್ಥೆ ಇವರ ಸರ್ವರಿನಲ್ಲಿ ಇರಲೇ ಇಲ್ಲ. ಪೊಟ್ಟಣದಲ್ಲಾದರೆ ಕೇಳದಿದ್ದರೂ ಅದು ಸೇರಿರುತ್ತದೆ. ಮೂಲದಿಂದ ಕಟ್ಟುವವರು ಬೇಕೆಂದು ಬಾಯಿಬಿಟ್ಟು ಹೇಳಬೇಕು. ಬೇಡದ್ದನ್ನೆಲ್ಲ ಕಿತ್ತೆಸೆಯುವ ಉತ್ಸಾಹದಲ್ಲಿ ಸರ್ವರೇಶ್ವರರು ಬೇಕಾದದ್ದನ್ನು ಹೇಳಲು ಮರೆತಿದ್ದರು. ಕಚೇರಿಯಲ್ಲಿ ಹೊಸಬರು ಮಾಡಿದರೆ ತಾವೇ ಅಟ್ಟಾಡಿಸಿ ಬೈಯುವಂಥ ತಪ್ಪು.

ಈಗಲಾದರೂ ಪೊಟ್ಟಣ ತಂದು ಹಾಕಬಹುದಿತ್ತು. ಅವರ ಬೆರಳು ಆ ಕಡೆ ಹೋಯಿತು ಕೂಡ. ಆದರೆ ಅವಳು ಕಣ್ಣೀರಿಟ್ಟದ್ದು ಮೂಲಕ್ಕೆ ತಾನೇ? ಈಗ ಪೊಟ್ಟಣಕ್ಕೆ ಶರಣಾದರೆ ಅವಳ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಮತ್ತೆ ಮೊದಲಿನಿಂದ ಕಟ್ಟಲು ಯಂತ್ರವನ್ನು ಹಚ್ಚಿ, ಅಳುಕುತ್ತಲೇ ಹೆಂಡತಿಯ ಬಳಿ ಬಂದರು.

"ನೋಡೇ, ಬೇಜಾರು ಮಾಡ್ಕೋಬೇಡ. ಮೂಲ ಇನ್ನೊಂದೆರಡು ದಿನ ತಗೊಳ್ಳೋ ಹಾಗಿದೆ. ನಾಳೆ ಕ್ಲಾಸು..."

"ಕ್ಲಾಸು ಆಗಲೇ ಮುಂದಕ್ಕೆ ಹಾಕಿದ್ದೀನಿ," ಎಂದಳು ಆಕೆ, ಟೇಪು ಸುತ್ತಿಡುತ್ತಾ. "ಎಲ್ಲರಿಗೂ ಮೆಸೇಜು ಹೋಯ್ತು. ನಿಮ್ಮ ಮೂಲಕ್ಕಿಂತ ನನ್ನ ಕ್ಲಾಸು ಹೆಚ್ಚಾ?"

ಸರ್ವರೇಶ್ವರರಿಗೆ ಭೂಮಿಯ ಮೇಲೆ ಇಂಥ ಹೆಂಡತಿ ಇನ್ನೊಬ್ಬಳಿಲ್ಲ ಎನಿಸಿತು. ಅಷ್ಟರಲ್ಲಿ ಅತ್ತೆ ಅಗಲವಾದ ಒಂದು ಟಬ್ಬನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವರ ಮುಂದಿಟ್ಟರು. ಬೆಚ್ಚಗಿನ ನೀರು, ಹಬೆಯಾಡುತ್ತಿತ್ತು.

"ಅತ್ತೆ, ನೀವ್ಯಾಕೆ ತೊಂದರೆ ತಗೊಂಡ್ರಿ?" ಎನ್ನುತ್ತಾ ಸರ್ವರೇಶ್ವರರು ಪ್ಯಾಂಟಿನ ತುದಿ ಮಡಚಿ ಪಾದ ಇಳಿಸಲು ಹೋದರು.

"ಕಾಲಲ್ಲ, ಅಳಿಯಂದಿರೇ," ಎಂದರು ಅತ್ತೆ, ಗೋಡೆ ನೋಡುತ್ತಾ. "ಕೂತ್ಕೋಬೇಕು. ನಾವು ಆಚೆ ಹೋಗ್ತೀವಿ."

"ಟಬ್ಬಲ್ಲಿ ಕೂತ್ಕೋಬೇಕಾ? ಯಾಕೆ?"

"ಮೂಲಕ್ಕೆ."

ಸರ್ವರೇಶ್ವರರ ಪಾದ ಗಾಳಿಯಲ್ಲೇ ನಿಂತಿತು. ದಿಂಬು, ಸೊಪ್ಪು, ಚೊಂಬು, ಕಣ್ಣೀರು ಒಂದೊಂದಾಗಿ ತಲೆಯೊಳಗೆ ಸಾಲಾಗಿ ನಿಂತವು. "ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು" ಎಂದದ್ದೂ ನೆನಪಾಯಿತು.

"ನನಗೆ ಮೂಲ ಇಲ್ಲ!" ಎಂದು ಕೂಗಿದರು. ಇಷ್ಟು ವರ್ಷ ಮೂಲಕ್ಕಾಗಿ ಹೋರಾಡಿದ ಮನುಷ್ಯನ ಬಾಯಿಂದ ಈ ಮಾತು ಬರಬೇಕಾಯಿತು. ಆಮೇಲೆ ತೊದಲುತ್ತಾ ಎಲ್ಲವನ್ನೂ ಬಿಡಿಸಿ ಹೇಳಿದರು. ಮೂಲವೆಂದರೆ ಸೋರ್ಸು, ಮುಕ್ತ ಮೂಲವೆಂದರೆ ಎಲ್ಲರಿಗೂ ತೆರೆದಿಟ್ಟ ಸೋರ್ಸು, ದೂರದ ದೇಶದವರು ನೋಡಿದ್ದು ಅದನ್ನು, ಬೇರೆ ಏನನ್ನೂ ಅಲ್ಲ.

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಒಳಗಿಂದ ಅವರ ನಗು ಬಿಟ್ಟುಬಿಟ್ಟು ಕೇಳುತ್ತಿತ್ತು. ಹೆಂಡತಿ ಸ್ಟೂಲಿನ ಮೇಲೆ ಕುಸಿದು, "ಸದ್ಯ!" ಎಂದು ಎದೆ ಹಿಡಿದುಕೊಂಡಳು. "ಎರಡು ದಿನದಿಂದ ಅಪ್ಪನೇ ಕಣ್ಣ ಮುಂದೆ ಬರ್ತಿದ್ರು, ರೀ." ಆಕೆ ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಆಮೇಲೆ ನಗು ನಿಧಾನವಾಗಿ ನಿಂತಿತು.

"ಹಾಗಾದ್ರೆ ಪೊಟ್ಟಣ ಅಂದ್ರೆ?"

"ಅದೇ, ಸಿದ್ಧವಾಗಿ ಸಿಗುತ್ತಲ್ಲ, ಅದು."

"ಅದನ್ನ ಹಾಕೋಕೆ ಎಷ್ಟೊತ್ತು ಬೇಕು?"

ಸರ್ವರೇಶ್ವರರು ಟಬ್ಬಿನ ನೀರು ನೋಡಿದರು. "ಹತ್ತು ನಿಮಿಷ."

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. "ನಿಮ್ಮ ಮೂಲಕ್ಕೋಸ್ಕರ ನಾನು ನನ್ನ ಕ್ಲಾಸು ಬಿಟ್ಟೆ," ಎಂದಳು ಮೆಲ್ಲಗೆ. "ನನ್ನ ಕ್ಲಾಸಿಗೋಸ್ಕರ ನಿಮಗೆ ಮೂಲ ಬಿಡೋಕಾಗ್ಲಿಲ್ಲ. ನಾನು ನಿಮ್ಮ ಮಾತು ಕೇಳಲ್ಲ ಅಂತೀರಲ್ಲ, ಅಷ್ಟೆಲ್ಲಾ ಪಾಠ ಮಾಡಿದೀನಿ, ಒಂದನ್ನಾದ್ರೂ ನೋಡಿದ್ರಾ?"

ನೋಡಿರಲಿಲ್ಲ. ಮೂಲದಿಂದ ಕಟ್ಟುವುದು ತಪ್ಪೇನಲ್ಲ. ಯಂತ್ರ ತನ್ನದಾಗಿದ್ದರೆ, ಹೊತ್ತು ತನ್ನದಾಗಿದ್ದರೆ, ಅದು ಚೆಂದವೇ. ಇಲ್ಲಿ ಹೊತ್ತು ಅವಳದಾಗಿತ್ತು. ಇದನ್ನು ತಿಳಿಯಲು ಸರ್ವರೇಶ್ವರರಿಗೆ ಯಾವ ಕೈಪಿಡಿಯೂ ಬೇಕಾಗಲಿಲ್ಲ. ಅವರು ಎದ್ದು ಹೋಗಿ, ಓಡುತ್ತಿದ್ದ ಕಟ್ಟುವ ಕೆಲಸವನ್ನು ನಿಲ್ಲಿಸಿ, ಒಂದೇ ಒಂದು ಸಾಲು ಬರೆದು ಒತ್ತಿದರು. ಪೊಟ್ಟಣ ಬಂತು, ನೆಂಟರಿಷ್ಟರ ಸಮೇತ ಬಂತು, ಗಲಾಟೆಯಿಲ್ಲದೆ ಕೂತಿತು. ಚಹಾ ಕಾಯಿಸುವಷ್ಟರಲ್ಲಿ ವಿಳಾಸದ ಪಕ್ಕ ಬೀಗವೂ ಕಾಣಿಸಿಕೊಂಡಿತು.

ಸರಿಯಾಗಿ ಓಡುತ್ತದೆಯೇ ಎಂದು ಪರೀಕ್ಷಿಸಲು ಒಂದು ಪಾಠ ತೆರೆದರು. ಕಾಲರಿನ ಪಾಠ. ಪರದೆಯ ಮೇಲೆ ಹೆಂಡತಿ, ಕಾಲರು ಕತ್ತಿನ ಹತ್ತಿರ ಯಾಕೆ ಸುಕ್ಕು ಬೀಳುತ್ತದೆ, ಎಲ್ಲಿ ಒಂದಿಷ್ಟು ಸಡಿಲ ಬಿಡಬೇಕು ಎಂದು ಅವಸರವಿಲ್ಲದೆ ಹೇಳಿಕೊಡುತ್ತಿದ್ದಳು. ಪರೀಕ್ಷೆಗೆ ಅರ್ಧ ನಿಮಿಷ ಸಾಕಿತ್ತು. ಸರ್ವರೇಶ್ವರರು ಕೊನೆಯವರೆಗೂ ನೋಡಿದರು. ಇಷ್ಟು ಚೆನ್ನಾಗಿ ಬಿಡಿಸಿ ಹೇಳುವುದು ತಮಗೆ ಬಂದಿದ್ದರೆ ಮೂಲದ ವಿಷಯ ಮನೆಯವರಿಗೆ ಎಂದೋ ತಿಳಿದಿರುತ್ತಿತ್ತು ಎಂದು ಅವರಿಗೆ ಅನ್ನಿಸಿತು. ಅದನ್ನು ಹೆಂಡತಿಗೆ ಹೇಳಿಯೂ ಹೇಳಿದರು. ಆಕೆಯ ಮುಖದ ಗಂಟು ಕೊಂಚ ಸಡಿಲಾಯಿತು.

"ಈಗ ಕ್ಲಾಸು ನಾಳೆಯೇ ಅಂತ ಎಲ್ಲರಿಗೂ ಮತ್ತೆ ತಿಳಿಸ್ಬೇಕಲ್ಲ," ಎಂದು ಆಕೆ ಫೋನು ತೆಗೆದಳು.

"ಮುಂದಕ್ಕೆ ಹಾಕೋವಾಗ ಏನಂತ ಬರೆದಿದ್ದೆ?" ಸರ್ವರೇಶ್ವರರು ಏನೋ ಹೊಳೆದು ಫೋನಿನತ್ತ ಬಗ್ಗಿದರು.

"ಇದ್ದದ್ದನ್ನೇ ಬರೆದೆ. ನಮ್ಮ ಮನೆಯವರಿಗೆ ಮೂಲ ಜಾಸ್ತಿಯಾಗಿದೆ, ಕೂರೋಕಾಗ್ತಿಲ್ಲ, ಕ್ಲಾಸು ಮುಂದಕ್ಕೆ ಹಾಕಿದೆ ಅಂತ."

ಕಲಿಯುವವರ ಗುಂಪಿನಲ್ಲಿ ಸಾಂತ್ವನಗಳು ಸಾಲುಗಟ್ಟಿದ್ದವು. ಒಬ್ಬಾಕೆ ಮೂಲಂಗಿ ರಸ ಕುಡಿಸಲು ಹೇಳಿದ್ದಳು. ಇನ್ನೊಬ್ಬಾಕೆ ತನ್ನ ಅಣ್ಣನ ಇಡೀ ಶಸ್ತ್ರಚಿಕಿತ್ಸೆಯನ್ನು ಧ್ವನಿ ಸಂದೇಶದಲ್ಲಿ ವರ್ಣಿಸಿದ್ದಳು. ಮೂರನೆಯ ಸಂದೇಶ ಕಳಿಸಿದವರು ಸರ್ವರೇಶ್ವರರ ಕಚೇರಿಯ ಮ್ಯಾನೇಜರರ ಪತ್ನಿ.

"ಇವರೂ ಸೇರಿದ್ದಾರಾ?"

"ಮೊದಲು ಸೇರಿದ್ದೇ ಇವರು. ಹೇಳಿ, ಈಗ ಏನಂತ ಬರೀಲಿ? ನಿಜ ಬೇಕಾದ್ರೆ ನಿಜವನ್ನೇ ಬರೀತೀನಿ. ಮನೆಯವರಿಗೆ ಯಾವ ಕಾಯಿಲೆಯೂ ಇಲ್ಲ, ಹತ್ತು ನಿಮಿಷದ ಕೆಲಸಾನ ಮೂರು ದಿನ ಎಳೆದ್ರು, ಕೊನೆಗೆ ಬೀಗ ಹಾಕೋದೇ ಮರೆತಿದ್ರು ಅಂತ."

ಸರ್ವರೇಶ್ವರರು ಕಣ್ಣು ಮುಚ್ಚಿದರು. ನಾಳೆ ಬೆಳಗ್ಗೆ ಈ ಸುದ್ದಿ ಮ್ಯಾನೇಜರರ ಊಟದ ಮೇಜಿನಿಂದ ಹೊರಟು ಕಚೇರಿಗೆ ಬಂದು, ಪೊಟ್ಟಣದ ಪಕ್ಷದ ಸಹೋದ್ಯೋಗಿಯ ಬಾಯಿಗೆ ಬೀಳುವುದು ಕಣ್ಣಿಗೆ ಕಟ್ಟಿತು. ಮೂಲವ್ಯಾಧಿ ಯಾರಿಗೆ ಬರುವುದಿಲ್ಲ? ದೊಡ್ಡ ದೊಡ್ಡವರಿಗೇ ಬರುತ್ತದೆ. ಆದರೆ ಬೀಗವಿಲ್ಲದ ಸರ್ವರು ಕಟ್ಟಿದವನೆಂಬ ಹೆಸರು ಬಂದರೆ ಆ ತಣ್ಣನೆಯ ಕೋಣೆಯಲ್ಲಿ ಮತ್ತೆ ತಲೆಯೆತ್ತುವಂತಿಲ್ಲ.

"ಕಾಯಿಲೆ ಇತ್ತು ಅಂತಲೇ ಇರಲಿ," ಎಂದರು ಕೊನೆಗೆ. "ಪೊಟ್ಟಣ ತಗೊಂಡ್ರು, ಹತ್ತೇ ನಿಮಿಷದಲ್ಲಿ ವಾಸಿಯಾಯ್ತು ಅಂತ ಬರಿ. ಅದರಲ್ಲಿ ಸುಳ್ಳೂ ಇಲ್ಲ."

ಹೆಂಡತಿ ಹಾಗೇ ಬರೆದು ಕಳಿಸಿದಳು. ಫೋನು ಕೆಳಗಿಡುವ ಮೊದಲೇ ಮ್ಯಾನೇಜರರ ಪತ್ನಿಯ ಉತ್ತರ ಬಂತು. "ಅಬ್ಬಾ, ಹತ್ತೇ ನಿಮಿಷದಲ್ಲಾ? ಯಾವ ಪೊಟ್ಟಣ, ಎಲ್ಲಿ ಸಿಗುತ್ತೆ? ನಮ್ಮ ಮನೆಯವರೂ ಬಹಳ ದಿನದಿಂದ ನರಳ್ತಿದ್ದಾರೆ. ನಾಳೆ ಆಫೀಸಲ್ಲಿ ಅವರೇ ಬಂದು ನಿಮ್ಮ ಮನೆಯವರ ಹತ್ರ ಕೂತು ಎಲ್ಲಾ ಕೇಳ್ತಾರಂತೆ."

ಹೆಂಡತಿ ಅದನ್ನು ಎರಡು ಸಲ ಓದಿ ಫೋನನ್ನು ಗಂಡನ ಕೈಗಿಟ್ಟಳು.

"ನಿಮ್ಮ ಕೆಲಸದ ಬಗ್ಗೆ ಕೇಳೋರೇ ಇಲ್ಲ ಅಂತಿದ್ರಲ್ಲ," ಎಂದಳು, ನಾಳೆಯ ಪಾಠಕ್ಕೆ ಬಟ್ಟೆ ಹರವುತ್ತಾ. "ಸಿಕ್ಕಿದ್ರು ನೋಡಿ. ನಿಧಾನವಾಗಿ ಬಿಡಿಸಿ ಹೇಳಿ."